ಪಂಚಾಯಿತಿಗೆ ಬಂದ ದುಡ್ಡು ನಿಮ್ಮ ಹೊಲದ ದಾರಿಗೆ ಯಾಕೆ ಬರಲಿಲ್ಲ? ಅನುದಾನದ ಲೆಕ್ಕ ತಿಳಿಯೋಣ ಬನ್ನಿ



ಪ್ರತಿ ವಾರ ಬೆಳೆ, ರೋಗ, ಗೊಬ್ಬರ, ಮಾರುಕಟ್ಟೆ ಬಗ್ಗೆ ಮಾತಾಡ್ತೀವಿ. ಈ ವಾರ ಸ್ವಲ್ಪ ಬೇರೆ ವಿಷಯ. ಆದ್ರೆ ನಿಮ್ಮ ಬೆಳೆಗೂ ಜೇಬಿಗೂ ನೇರ ಸಂಬಂಧ ಇರೋ ವಿಷಯವೇ.

ಮೊದಲು ನಮ್ಮೂರಿನ ಕಥೆ ಕೇಳಿ. ಊರಿಂದ ನಮ್ಮ ಹೊಲಗಳ ಕಡೆ ಹೋಗೋಕೆ ಕೆರೆ ಏರಿ ಪಕ್ಕದಲ್ಲಿ ಒಂದು ಬಂಡಿ ದಾರಿ ಇದೆ. ಉದ್ದ ಮುಕ್ಕಾಲು ಕಿಲೋಮೀಟರ್ ಅಷ್ಟೇ. ಬೇಸಿಗೇಲಿ ಧೂಳು, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಮೂರು ವರ್ಷದ ಹಿಂದೆ ಟೊಮೆಟೊ ಕೊಯ್ಲಿನ ಹೊತ್ತಿಗೇ ಜಡಿಮಳೆ ಹಿಡೀತು. ಗೂಡ್ಸ್ ಗಾಡಿ ಒಳಗೆ ಬರಲೇ ಇಲ್ಲ. ಕ್ರೇಟುಗಳನ್ನ ತಲೆ ಮೇಲೆ ಹೊತ್ತು ರಸ್ತೆಗೆ ತರಬೇಕಾಯ್ತು. ಹೊರೋ ಕೂಲಿ ಬೇರೆ, ಮಾರುಕಟ್ಟೆಗೆ ತಡವಾಗಿ ಹೋಗಿ ಕಳ್ಕೊಂಡ ರೇಟು ಬೇರೆ. ಸಿಟ್ಟಲ್ಲಿ ಪಂಚಾಯಿತಿಗೆ ಹೋಗಿ ಕೇಳಿದ್ರೆ ಸಿಕ್ಕ ಉತ್ತರ ಒಂದೇ: "ಅನುದಾನ ಇಲ್ಲ."

ಆ ರಾತ್ರಿ ಫೋನಲ್ಲಿ ಹುಡುಕಿದಾಗ ಗೊತ್ತಾಯ್ತು, ಅದೇ ವರ್ಷ ನಮ್ಮ ಪಂಚಾಯಿತಿಗೆ ಲಕ್ಷಾಂತರ ರೂಪಾಯಿ ಬಂದಿತ್ತು. ಚರಂಡಿ ಆಗಿತ್ತು, ನೀರಿನ ಪೈಪ್ ಆಗಿತ್ತು. ನಮ್ಮ ದಾರಿ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಯಾಕೆ ಇರಲಿಲ್ಲ? ಪಟ್ಟಿ ಮಾಡೋ ಸಭೆಗೆ ನಮ್ಮ ಬೀದಿಯಿಂದ ಒಬ್ಬರೂ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

ಅವತ್ತಿಂದ ಕಲಿತಿದ್ದನ್ನ ಇಲ್ಲಿ ಬರೀತಿದ್ದೀನಿ. ದುಡ್ಡು ಎಲ್ಲಿಂದ ಬರುತ್ತೆ, ಯಾವುದಕ್ಕೆ ಖರ್ಚು ಮಾಡಬಹುದು, ಯಾವಾಗ ಎಲ್ಲಿ ಕೇಳಬೇಕು, ಫೋನಲ್ಲೇ ಲೆಕ್ಕ ನೋಡೋದು ಹೇಗೆ ಅಂತ ಒಂದೊಂದಾಗಿ ತಿಳಿಯೋಣ.

ಪಂಚಾಯಿತಿಗೆ ಈ ಅಧಿಕಾರ ಬಂದಿದ್ದು ಹೇಗೆ?

ಇದರಲ್ಲಿ ಕರ್ನಾಟಕ ಇಡೀ ದೇಶಕ್ಕಿಂತ ಮುಂದಿತ್ತು. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಒಂದು ಹೊಸ ಕಾಯ್ದೆ ತಂತು. ಅದರ ಬೆನ್ನಿಗೆ ನಿಂತವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಪ್ರೀತಿಯಿಂದ "ನೀರ್ ಸಾಬ್" ಅಂತ ಕರೆದ್ರಲ್ಲ, ಅವರೇ. 1987ರಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆ ನಡೆದು, ಮಹಿಳೆಯರಿಗೆ ಶೇ 25 ಮೀಸಲಾತಿ ಸಿಕ್ತು. ಈಗ ಅದು ಶೇ 50.

ಆಮೇಲೆ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದು 1993ರ ಏಪ್ರಿಲ್ 24ರಿಂದ ಜಾರಿಯಾಯ್ತು. ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಸಂವಿಧಾನದ 11ನೇ ಅನುಸೂಚಿಗೆ ಸೇರಿತು. ಆ ಪಟ್ಟಿಯ ಮೊದಲ ವಿಷಯ ಯಾವುದು ಗೊತ್ತಾ? ಕೃಷಿ. ಸಣ್ಣ ನೀರಾವರಿ, ಪಶುಸಂಗೋಪನೆ, ಮೀನುಗಾರಿಕೆ, ರಸ್ತೆ, ಮೋರಿ, ಕುಡಿಯೋ ನೀರು, ಸಂತೆ ಎಲ್ಲಾ ಅದರಲ್ಲಿವೆ. ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಬಂತು. ಕಳೆದ ದಶಕದಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಗಿ "ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993" ಅಂತ ಹೆಸರಾಯ್ತು.

ಕೃಷಿಯೂ ಪಂಚಾಯಿತಿ ವಿಷಯವೇ ಆದ್ರಿಂದ "ಹೊಲದ ಕೆಲಸ ನಮಗೆ ಬರಲ್ಲ, ಕೃಷಿ ಇಲಾಖೆಗೆ ಹೋಗಿ" ಅಂತ ಯಾರಾದ್ರೂ ಹೇಳಿದ್ರೆ ಅದು ಪೂರ್ತಿ ಸರಿಯಾದ ಉತ್ತರ ಅಲ್ಲ.

ದುಡ್ಡು ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಇರಲ್ಲ

ನಮ್ಮ ಮನೆಗಳಲ್ಲಿ ಬಿತ್ತನೆ ಬೀಜಕ್ಕೆ ಅಂತ ತೆಗೆದಿಟ್ಟ ದುಡ್ಡನ್ನ ಹಬ್ಬಕ್ಕೆ ಮುಟ್ಟಲ್ಲ ಅಲ್ವಾ? ಪಂಚಾಯಿತಿಯಲ್ಲೂ ಹಾಗೇ. ಒಂದೊಂದು ದುಡ್ಡಿಗೆ ಒಂದೊಂದು ಕಟ್ಟು ಇರುತ್ತೆ. ಮುಖ್ಯವಾಗಿ ನಾಲ್ಕು ಮೂಲ ನೆನಪಿಟ್ಕೊಳ್ಳಿ.

1. ಕೇಂದ್ರ ಹಣಕಾಸು ಆಯೋಗದ ಅನುದಾನ
2. ಉದ್ಯೋಗ ಖಾತರಿ ಹಣ
3. ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ
4. ಪಂಚಾಯಿತಿಯ ಸ್ವಂತ ಆದಾಯ, ಅಂದ್ರೆ ನಾವು ಕಟ್ಟೋ ಮನೆ ಕಂದಾಯ, ನೀರಿನ ಕರ, ಅಂಗಡಿ ಲೈಸೆನ್ಸ್ ಶುಲ್ಕ ಇತ್ಯಾದಿ

ಇವುಗಳ ಜೊತೆ ಜಲ ಜೀವನ್ ಮಿಷನ್, ಸ್ವಚ್ಛ ಭಾರತ್, ವಸತಿ ಯೋಜನೆಗಳ ಥರ ಒಂದೊಂದು ಉದ್ದೇಶಕ್ಕೇ ಬರೋ ಹಣ ಬೇರೆ. ಈಗ ಒಂದೊಂದಾಗಿ ನೋಡೋಣ.

1. ಹಣಕಾಸು ಆಯೋಗದ ಅನುದಾನ: ಕಟ್ಟಿದ ದುಡ್ಡು, ಕಟ್ಟಿಲ್ಲದ ದುಡ್ಡು

ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು, ಸ್ಥಳೀಯ ಸಂಸ್ಥೆಗಳಿಗೆ ಎಷ್ಟು ಕೊಡಬೇಕು ಅಂತ ಶಿಫಾರಸು ಮಾಡೋದು ಹಣಕಾಸು ಆಯೋಗ. 14ನೇ ಆಯೋಗ 2015ರಿಂದ 2020ರವರೆಗೆ ಗ್ರಾಮ ಪಂಚಾಯಿತಿಗಳಿಗೆ ಮಾತ್ರ ಹಣ ಕೊಡ್ತು. 15ನೇ ಆಯೋಗ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೂ ಪಾಲು ಇಟ್ಟಿತು. 2021–22ರಿಂದ 2025–26ರವರೆಗಿನ ಐದು ವರ್ಷಕ್ಕೆ ಇಡೀ ದೇಶದ ಗ್ರಾಮೀಣ ಸಂಸ್ಥೆಗಳಿಗೆ ನಿಗದಿ ಮಾಡಿದ್ದು ₹2,36,805 ಕೋಟಿ. ಇದರಲ್ಲಿ ದೊಡ್ಡ ಪಾಲು ಗ್ರಾಮ ಪಂಚಾಯಿತಿಗೇ: ಶೇ 70ರಿಂದ 85ರವರೆಗೆ.

ಇಲ್ಲಿ ನಾವು ಗಮನಿಸಬೇಕಾದ ಮಾತು ಎರಡು: "ನಿರ್ಬಂಧಿತ" ಮತ್ತು "ಅನಿರ್ಬಂಧಿತ".

ನಿರ್ಬಂಧಿತ ಅಂದ್ರೆ ಇಂಥದ್ದಕ್ಕೇ ಖರ್ಚು ಮಾಡಬೇಕು ಅಂತ ಕಟ್ಟಿ ಕೊಟ್ಟ ದುಡ್ಡು. 15ನೇ ಆಯೋಗದ ಐದು ವರ್ಷದ ಲೆಕ್ಕದಲ್ಲಿ ಇದು ಶೇ 60. ಅರ್ಧ ಕುಡಿಯೋ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ. ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಅನಿರ್ಬಂಧಿತ. 29 ವಿಷಯಗಳಲ್ಲಿ ಊರಿಗೆ ಯಾವುದು ಬೇಕೋ ಅದಕ್ಕೆ ಬಳಸಬಹುದು. ಸಂಬಳ, ಕಚೇರಿ ಖರ್ಚಿಗೆ ಮಾತ್ರ ಬಳಸೋ ಹಾಗಿಲ್ಲ.

ಸುಲಭವಾಗಿ ಅರ್ಥ ಆಗಲಿ ಅಂತ ಒಂದು ಲೆಕ್ಕ ಹಾಕೋಣ. ಒಂದು ಪಂಚಾಯಿತಿಗೆ ವರ್ಷಕ್ಕೆ ₹30 ಲಕ್ಷ ಬಂತು ಅಂದ್ಕೊಳ್ಳಿ.

- ನೀರಿನ ಕೆಲಸಕ್ಕೆ: ₹9 ಲಕ್ಷ
- ನೈರ್ಮಲ್ಯಕ್ಕೆ: ₹9 ಲಕ್ಷ
- ಊರಿನ ಇಷ್ಟದ ಕೆಲಸಕ್ಕೆ: ₹12 ಲಕ್ಷ

ಆ ಪಂಚಾಯಿತಿಯಲ್ಲಿ ಆರು ಹಳ್ಳಿ ಇದ್ರೆ, ಒಂದು ಹಳ್ಳಿಗೆ ಇಷ್ಟದ ಕೆಲಸಕ್ಕೆ ಸಿಗೋದು ಸರಾಸರಿ ₹2 ಲಕ್ಷ. ಮುಕ್ಕಾಲು ಕಿಲೋಮೀಟರ್ ಜಲ್ಲಿ ರಸ್ತೆಗೆ ಇದು ಸಾಲಲ್ಲ. ಹಾಗಾಗಿ "ಅನುದಾನ ಇಲ್ಲ" ಅನ್ನೋ ಮಾತು ಕೆಲವು ಸಲ ಅರ್ಧ ನಿಜವೇ. ದುಡ್ಡು ಬಂದಿರುತ್ತೆ, ಆದ್ರೆ ರಸ್ತೆಗೆ ಬಳಸಬಹುದಾದ ದುಡ್ಡು ಕಡಿಮೆ ಇರುತ್ತೆ. ಇದು ಗೊತ್ತಿದ್ರೆ ಸುಮ್ನೆ ಜಗಳ ಆಡೋ ಬದಲು ಸರಿಯಾದ ಪ್ರಶ್ನೆ ಕೇಳಬಹುದು: "ಸಾರ್, ಅನಿರ್ಬಂಧಿತ ಅನುದಾನ ಈ ವರ್ಷ ಎಷ್ಟು ಬಂತು? ಯಾವ ಕಾಮಗಾರಿಗೆ ಇಟ್ಟಿದ್ದೀರಿ?"

ನಿರ್ಬಂಧಿತ ದುಡ್ಡಲ್ಲೂ ರೈತರಿಗೆ ಉಪಯೋಗ ಇದೆ ಅನ್ನೋದನ್ನ ಮರೀಬೇಡಿ. ಮಳೆನೀರು ಸಂಗ್ರಹ ಅಂದ್ರೆ ಕೊಳವೆಬಾವಿ ಮರುಪೂರಣವೂ ಬಂತು. ಊರಿನ ಕುಡಿಯೋ ನೀರಿನ ಬೋರ್‌ವೆಲ್ ಪಕ್ಕ ಇಂಗುಗುಂಡಿ ಮಾಡಿಸಿದ್ರೆ ಸುತ್ತಲಿನ ತೋಟಗಳ ಬೋರ್‌ಗೂ ಅನುಕೂಲ.

2026–27ರಿಂದ 2030–31ರವರೆಗೆ 16ನೇ ಹಣಕಾಸು ಆಯೋಗದ ಅವಧಿ. ಹೊಸ ಆಯೋಗ ಬಂದಾಗ ಪಾಲು, ಷರತ್ತು ಬದಲಾಗುತ್ತವೆ. ಆದ್ರೆ ನಾವು ಕೇಳಬೇಕಾದ ಪ್ರಶ್ನೆ ಬದಲಾಗಲ್ಲ: ಎಷ್ಟು ಬಂತು, ಎಷ್ಟಕ್ಕೆ ಕಟ್ಟು ಇದೆ, ಎಷ್ಟು ನಮ್ಮ ಕೈಯಲ್ಲಿದೆ?

2. ಉದ್ಯೋಗ ಖಾತರಿ: ದಾರಿಗೂ ಹೊಂಡಕ್ಕೂ ಇದೇ ದೊಡ್ಡ ಮೂಲ

ಹೊಲದ ದಾರಿ, ಕೆರೆ ಹೂಳು, ಬದು, ಕೃಷಿ ಹೊಂಡ, ದನದ ಕೊಟ್ಟಿಗೆ, ತೋಟಗಾರಿಕೆ ಗುಂಡಿ. ಇಂಥ ಕೆಲಸಗಳಿಗೆ ಹಳ್ಳಿಯಲ್ಲಿ ಇಷ್ಟು ವರ್ಷ ದೊಡ್ಡ ಆಸರೆ ಆಗಿದ್ದು ನರೇಗಾ. 2005ರ ಈ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಹಕ್ಕು ಕೊಟ್ಟಿತ್ತು. ಕರ್ನಾಟಕದಲ್ಲಿ 2025–26ರಲ್ಲಿ ದಿನಗೂಲಿ ₹370 ಇತ್ತು. ಕೂಲಿಗೆ ಕನಿಷ್ಠ ಶೇ 60, ಸಾಮಗ್ರಿಗೆ ಹೆಚ್ಚಂದ್ರೆ ಶೇ 40 ಅನ್ನೋ ಲೆಕ್ಕ. ಗುತ್ತಿಗೆದಾರರಿಗೆ ಜಾಗ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಹಿಳೆ ಯಜಮಾನಿ ಆಗಿರೋ ಕುಟುಂಬಗಳು, ಸಣ್ಣ ಮತ್ತು ಅತಿ ಸಣ್ಣ ರೈತರು ಜಾಬ್ ಕಾರ್ಡ್ ಇದ್ರೆ ತಮ್ಮ ಸ್ವಂತ ಜಮೀನಲ್ಲೂ ಕೆಲಸ ಮಾಡಿಸ್ಕೋಬಹುದಿತ್ತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ಹೊಸ ಕಾಯ್ದೆ ತಂತು. ಪತ್ರಿಕೆಗಳಲ್ಲಿ "ವಿಬಿ–ಜಿ ರಾಮ್ ಜಿ" ಅಂತ ಬರ್ತಿದೆಯಲ್ಲ, ಅದೇ. ಇದರಲ್ಲಿ ರೈತರು ತಿಳಿಯಬೇಕಾದ ಮುಖ್ಯ ಬದಲಾವಣೆ ನಾಲ್ಕು.

ದಿನಗಳು: 100ರ ಬದಲು 125 ದಿನ.

ಖರ್ಚಿನ ಪಾಲು: ಮೊದಲು ಕೂಲಿ ಹಣ ಪೂರ್ತಿ ಕೇಂದ್ರದ್ದು, ಸಾಮಗ್ರಿಯಲ್ಲಿ ಮುಕ್ಕಾಲು ಪಾಲು ಕೇಂದ್ರದ್ದು. ಈಗ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ ಶೇ 60, ರಾಜ್ಯ ಶೇ 40. ಜೊತೆಗೆ ಪ್ರತಿ ರಾಜ್ಯಕ್ಕೆ ವರ್ಷಕ್ಕೆ ಇಷ್ಟು ಅಂತ ಕೇಂದ್ರ ಮೊದಲೇ ನಿಗದಿ ಮಾಡುತ್ತೆ. ಅದಕ್ಕಿಂತ ಹೆಚ್ಚಾದ್ರೆ ರಾಜ್ಯವೇ ಭರಿಸಬೇಕು.

ಬಿಡುವು: ಬಿತ್ತನೆ, ಕೊಯ್ಲಿನ ಹೊತ್ತಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಬೇಕು. ಆ ದಿನಗಳು ಯಾವುವು ಅಂತ ರಾಜ್ಯ ಮೊದಲೇ ಪ್ರಕಟಿಸಬೇಕು.

ಕೆಲಸದ ಪಟ್ಟಿ: ನೀರಿನ ಭದ್ರತೆ, ಗ್ರಾಮೀಣ ಮೂಲಸೌಕರ್ಯ, ಜೀವನೋಪಾಯಕ್ಕೆ ಬೇಕಾದ ಸೌಕರ್ಯ, ವಿಕೋಪ ಹವಾಮಾನ ತಡೆಯೋ ಕೆಲಸ ಅಂತ ನಾಲ್ಕು ಗುಂಪು. ಎಲ್ಲಾ ಕೆಲಸವೂ ಗ್ರಾಮ ಪಂಚಾಯಿತಿ ತಯಾರಿಸಿದ ಯೋಜನೆಯಿಂದಲೇ ಬರಬೇಕು.

ಇದು ಒಳ್ಳೇದಾ ಕೆಟ್ಟದ್ದಾ ಅಂತ ಹಳ್ಳಿಕಟ್ಟೇಲಿ ವಾದ ನಡೀತಾನೇ ಇದೆ. ಹತ್ತು ಎಕರೆ ಇರೋರಿಗೆ ನಾಟಿ, ಕೊಯ್ಲಿನ ಹೊತ್ತಿಗೆ ಆಳು ಸಿಗುತ್ತೆ ಅನ್ನೋ ಸಮಾಧಾನ. ಅರ್ಧ ಎಕರೆ ಇಟ್ಕೊಂಡು ಕೂಲಿಗೂ ಹೋಗೋರಿಗೆ ಆ 60 ದಿನ ಬೇರೆಯವರು ಕೊಟ್ಟ ಕೂಲಿಗೇ ಒಪ್ಪಬೇಕಾಗುತ್ತೇನೋ ಅನ್ನೋ ಭಯ. ರಾಜ್ಯದ ಮೇಲೆ ಹೊರೆ ಹೆಚ್ಚಾದ್ರೆ 125 ದಿನ ಕಾಗದದಲ್ಲೇ ಉಳಿಯುತ್ತಾ ಅನ್ನೋ ಪ್ರಶ್ನೆಯೂ ಇದೆ. ನೀವು ಯಾವ ಕಡೆ ಇದ್ರೂ ಒಂದು ಮಾತಂತೂ ಸತ್ಯ: ಪಂಚಾಯಿತಿ ಯೋಜನೇಲಿ ಇಲ್ಲದ ಕೆಲಸ ಆಗಲ್ಲ. ಹಳೇ ಕಾಯ್ದೆಯಲ್ಲೂ ಅಷ್ಟೇ, ಹೊಸದರಲ್ಲೂ ಅಷ್ಟೇ.

3. ರಾಜ್ಯದ ಅನುದಾನ ಮತ್ತು 4. ಸ್ವಂತ ಆದಾಯ

ರಾಜ್ಯದ ಶಾಸನಬದ್ಧ ಅನುದಾನದ ದೊಡ್ಡ ಪಾಲು ಬೀದಿ ದೀಪ ಮತ್ತು ನೀರಿನ ಪಂಪಿನ ವಿದ್ಯುತ್ ಬಿಲ್, ಸಿಬ್ಬಂದಿ ವೇತನದ ಥರದ ಖರ್ಚಿಗೇ ಹೋಗುತ್ತೆ. ರಾಜ್ಯದ ಆದಾಯದಲ್ಲಿ ಪಂಚಾಯಿತಿಗಳಿಗೆ ಎಷ್ಟು ಕೊಡಬೇಕು ಅಂತ ಹೇಳೋಕೆ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸಬೇಕು ಅಂತ ಸಂವಿಧಾನವೇ ಹೇಳುತ್ತೆ. ಅನೇಕ ರಾಜ್ಯಗಳು ಇದನ್ನ ತಡ ಮಾಡ್ತಿದ್ದವು. ಅದಕ್ಕೇ 15ನೇ ಆಯೋಗ ಒಂದು ಷರತ್ತು ಹಾಕ್ತು: 2024ರ ಮಾರ್ಚ್ ಒಳಗೆ ರಾಜ್ಯ ಆಯೋಗ ರಚಿಸಿ, ಅದರ ಶಿಫಾರಸಿನ ಮೇಲೆ ಏನು ಕ್ರಮ ತಗೊಂಡ್ರಿ ಅಂತ ವಿಧಾನಮಂಡಲಕ್ಕೆ ಹೇಳದಿದ್ರೆ ಆಮೇಲೆ ಅನುದಾನ ಇಲ್ಲ.

ಇನ್ನೊಂದು ಷರತ್ತು, ಚುನಾಯಿತ ಸಂಸ್ಥೆ ಇರಬೇಕು. ಚುನಾವಣೆ ಮುಂದಕ್ಕೆ ಹಾಕಿ ಆಡಳಿತಾಧಿಕಾರಿ ಕೂತಿದ್ರೆ ಹಣಕಾಸು ಆಯೋಗದ ದುಡ್ಡಿಗೆ ತೊಂದರೆ. ನಮ್ಮಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗೀತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಚುನಾವಣೆ ವರ್ಷಗಟ್ಟಲೆ ಎಳೆದಾಡಿತು. "ಚುನಾವಣೆ ಆದ್ರೆಷ್ಟು ಬಿಟ್ರೆಷ್ಟು" ಅಂತ ಅನ್ನೋರಿಗೆ ಇಲ್ಲಿದೆ ಉತ್ತರ: ಚುನಾವಣೆ ತಡ ಆದ್ರೆ ದುಡ್ಡೂ ತಡ.

ಕೊನೆಗೆ ಸ್ವಂತ ಆದಾಯ. ಇದು ಸಣ್ಣದು ಅನ್ನಿಸಬಹುದು, ಆದ್ರೆ ದೆಹಲಿಯೋ ಬೆಂಗಳೂರೋ ಕಟ್ಟು ಹಾಕದೆ ಊರಿನ ಕೈಗೇ ಸಿಗೋ ದುಡ್ಡು ಇದೇ. ಇದರಲ್ಲಿ ಒಂದು ಭಾಗ ಪರಿಶಿಷ್ಟರಿಗೆ, ಅಂಗವಿಕಲರಿಗೆ ಮೀಸಲಿಡಬೇಕು. ಉಳಿದದ್ದನ್ನ ಪಂಚಾಯಿತಿ ತೀರ್ಮಾನಿಸಬಹುದು. ಒಡೆದ ಮೋರಿ, ಕಿತ್ತುಹೋದ ಪೈಪು ಇಂಥ ತುರ್ತು ಕೆಲಸ ಆಗೋದು ಇದರಿಂದ. ಹಾಗಾಗಿ ಕಂದಾಯ ಬಾಕಿ ಇಟ್ಕೊಂಡು "ಪಂಚಾಯಿತಿ ಏನೂ ಮಾಡಲ್ಲ" ಅಂದ್ರೆ ನಮ್ಮ ಮಾತಿಗೂ ತೂಕ ಇರಲ್ಲ. ಮೊದಲು ರಸೀದಿ ಕೈಯಲ್ಲಿರಲಿ, ಆಮೇಲೆ ದನಿ ಎತ್ತಿ ಕೇಳೋಣ.

ಕೆಲಸ ಪಟ್ಟಿಗೆ ಸೇರೋದು ಎಲ್ಲಿ?

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಕಾಯ್ದೆ ಪ್ರಕಾರ ಬೇಡಿಕೆ ಕೆಳಗಿಂದ ಮೇಲಕ್ಕೆ ಹೋಗಬೇಕು:

ಜನವಸತಿ ಸಭೆ → ವಾರ್ಡ್ ಸಭೆ → ಗ್ರಾಮ ಸಭೆ → ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆ

ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೆ ಕನಿಷ್ಠ ಒಂದು ಸಲ ನಡೀಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರೋ ಎಲ್ಲರೂ ಸದಸ್ಯರೇ. ಕರೆದರೆ ಮಾತ್ರ ಹೋಗಬೇಕು ಅಂತೇನಿಲ್ಲ, ಅದು ನಿಮ್ಮ ಹಕ್ಕು. ವಾರ್ಡ್ ಸಭೆಗೆ ಕೋರಂ ಅಂದ್ರೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು.

ಈ 20 ಅನ್ನೋ ಸಂಖ್ಯೆ ಗಮನಿಸಿ. ನಿಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ, ಕ್ರಿಕೆಟ್ ತಂಡದಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ. 20 ಜನ ಒಂದೇ ಬೇಡಿಕೆ ಇಟ್ಕೊಂಡು ವಾರ್ಡ್ ಸಭೆಗೆ ಹೋದ್ರೆ ಆ ಸಭೆಯ ತೀರ್ಮಾನವೇ ನಿಮ್ಮದಾಗುತ್ತೆ.

ಮುಂದಿನ ವರ್ಷದ ಯೋಜನೆಗೆ ಸಾಮಾನ್ಯವಾಗಿ ಅಕ್ಟೋಬರ್ 2ರ ಗಾಂಧಿ ಜಯಂತಿಯಿಂದ ಶುರುವಾಗಿ ಜನವರಿ ಹೊತ್ತಿಗೆ ಪಟ್ಟಿ ಸಿದ್ಧ ಆಗುತ್ತೆ. ನಮ್ಮ ರಾಜ್ಯದಲ್ಲಿ ಇದನ್ನ "ನಮ್ಮ ಗ್ರಾಮ ನಮ್ಮ ಯೋಜನೆ" ಅಂತಾರೆ. ಜೂನ್‌ನಲ್ಲಿ ಕೆಸರು ತುಳಿದು ಕೇಳೋಕೆ ಹೋದ್ರೆ ತಡ ಆಗಿರುತ್ತೆ. ಕೇಳಬೇಕಾದ್ದು ಅದರ ಹಿಂದಿನ ಅಕ್ಟೋಬರ್‌ನಲ್ಲಿ. ಬಿತ್ತನೆಗೆ ಹದ ಇರೋ ಹಾಗೆ ಅರ್ಜಿಗೂ ಹದ ಇದೆ.

ಹೊಲದ ದಾರಿ ಕೇಳೋ ಮುಂಚೆ ಈ ತಯಾರಿ ಮಾಡ್ಕೊಳ್ಳಿ

1. ಗ್ರಾಮ ನಕಾಶೆ ನೋಡಿ. ಆ ದಾರಿ ನಕಾಶೆಯಲ್ಲಿ ಬಂಡಿ ದಾರಿ ಅಥವಾ ಕಾಲುದಾರಿ ಅಂತ ಇದೆಯಾ? ಇದ್ರೆ ಅರ್ಧ ಕೆಲಸ ಆದ ಹಾಗೆ. ಒತ್ತುವರಿ ಆಗಿದ್ರೆ ತಹಶೀಲ್ದಾರರಿಗೆ ಪ್ರತ್ಯೇಕ ಅರ್ಜಿ ಕೊಡಬೇಕು.
2. ನಕಾಶೆಯಲ್ಲಿ ಇಲ್ಲದಿದ್ರೆ ಒಪ್ಪಿಗೆ ಪತ್ರ. ದಾರಿ ಯಾರ ಜಮೀನಲ್ಲಿ ಹೋಗುತ್ತೋ ಅವರ ಲಿಖಿತ ಒಪ್ಪಿಗೆ ಬೇಕು. ಎಷ್ಟೋ ಕೆಲಸ ದುಡ್ಡಿದ್ರೂ ನಿಂತುಹೋಗೋದು ಇಲ್ಲೇ. ಅಣ್ಣತಮ್ಮಂದಿರ ಜಗಳ ಇದ್ರೆ ಊರ ಹಿರಿಯರನ್ನ ಕೂರಿಸಿ ಮೊದಲೇ ಬಗೆಹರಿಸಿ.
3. ಎಷ್ಟು ಜನಕ್ಕೆ ಉಪಯೋಗ? ಎಷ್ಟು ಕುಟುಂಬ, ಎಷ್ಟು ಎಕರೆ, ಸರ್ವೆ ನಂಬರ್ ಯಾವುವು ಅಂತ ಒಂದು ಹಾಳೆಯಲ್ಲಿ ಬರೀರಿ.
4. ಫೋಟೊ ತೆಗೀರಿ. ಮಳೆಗಾಲದಲ್ಲಿ ಲೊಕೇಶನ್, ತಾರೀಕು ಬರೋ ಹಾಗೆ ಫೋಟೊ ತೆಗೆದಿಟ್ಕೊಳ್ಳಿ. ಅಕ್ಟೋಬರ್ ಸಭೆ ಹೊತ್ತಿಗೆ ಕೆಸರು ಒಣಗಿ ಎಲ್ಲಾ ಚೆನ್ನಾಗೇ ಕಾಣುತ್ತೆ!
5. ಅರ್ಜಿ ಎರಡು ಪ್ರತಿ. ಒಂದು ಪಂಚಾಯಿತಿಗೆ, ಒಂದಕ್ಕೆ ಸೀಲು, ಸಹಿ ಹಾಕಿಸ್ಕೊಂಡು ಇಟ್ಕೊಳ್ಳಿ.
6. ನಡಾವಳಿ ಪುಸ್ತಕ ನೋಡಿ. ಸಭೆಯಲ್ಲಿ ಚಪ್ಪಾಳೆ ಬಿದ್ರೆ ಸಾಲದು. ನಿಮ್ಮ ಬೇಡಿಕೆ ನಡಾವಳಿಯಲ್ಲಿ ಬರೆದಿದ್ದಾರಾ ಅಂತ ಸಹಿ ಹಾಕೋ ಮುಂಚೆ ಓದಿ. ಖಾಲಿ ಹಾಳೆಗೆ ಯಾವತ್ತೂ ಸಹಿ ಬೇಡ.

ಪಟ್ಟಿಗೆ ಸೇರಿದ ಮೇಲೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡ್ತಾರೆ, ತಾಂತ್ರಿಕ ಮಂಜೂರಾತಿ ಆಗುತ್ತೆ, ಕೆಲಸ ಆದ್ಮೇಲೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಆಗುತ್ತೆ. ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಸಹಿ ಇಲ್ಲದೆ ಹಣ ಹೋಗಲ್ಲ.

ಫೋನಲ್ಲೇ ಲೆಕ್ಕ ನೋಡೋದು ಹೇಗೆ?

ಇ–ಗ್ರಾಮಸ್ವರಾಜ್: ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಜಾಲತಾಣ. 2020ರ ಏಪ್ರಿಲ್ 24ರಂದು ಶುರುವಾಯ್ತು. ಆ್ಯಪ್ ಕೂಡ ಇದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ, ವರ್ಷ ಆರಿಸಿದ್ರೆ ಅನುಮೋದನೆ ಆದ ಯೋಜನೆ, ಒಂದೊಂದು ಕೆಲಸದ ಹೆಸರು, ಇಟ್ಟ ಮೊತ್ತ, ಆದ ಖರ್ಚು ಕಾಣುತ್ತೆ. ಲಾಗಿನ್ ಬೇಡ, ದುಡ್ಡೂ ಬೇಡ.

ಮೇರಿ ಪಂಚಾಯತ್ ಆ್ಯಪ್: ಇದೇ ಮಾಹಿತಿ ಫೋನಿಗೆ ಇನ್ನೂ ಸುಲಭವಾಗಿ ಸಿಗುತ್ತೆ.

ಪಂಚಮಿತ್ರ: ನಮ್ಮ ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯದ್ದು. ಪಂಚಾಯಿತಿ ಸದಸ್ಯರು, ಸಭೆಗಳು, ಸಿಗೋ ಸೇವೆಗಳ ವಿವರ ಇಲ್ಲಿ ನೋಡಿ.

ಒಂದು ಎಚ್ಚರಿಕೆ. "ಪಂಚಾಯಿತಿಯಿಂದ ನಿಮಗೆ ಹಣ ಬಂದಿದೆ, ಈ ಲಿಂಕ್ ಒತ್ತಿ" ಅಂತ ಬರೋ ಮೆಸೇಜ್ ನಂಬಬೇಡಿ. ಲೆಕ್ಕ ನೋಡೋಕೆ ಯಾರೂ ಒಟಿಪಿ ಕೇಳಲ್ಲ.

ಪಟ್ಟಿ ಸಿಕ್ಕಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ವಾರ್ಡಿನ ಹೆಸರಿರೋ ಕಾಮಗಾರಿಗಳನ್ನ ಸ್ಕ್ರೀನ್‌ಶಾಟ್ ತೆಗೆದು, ಭಾನುವಾರ ಬೈಕ್ ಹತ್ತಿ ಜಾಗ ನೋಡ್ಕೊಂಡು ಬನ್ನಿ. ಪಟ್ಟಿಯಲ್ಲಿರೋ ಕೆಲಸ ನೆಲದ ಮೇಲೆ ಇದ್ರೆ ಸಂತೋಷ. ಇಲ್ಲದಿದ್ರೆ ಕೂಗಾಡಬೇಡಿ, ಫೇಸ್‌ಬುಕ್‌ನಲ್ಲಿ ಲೈವ್ ಬರೋದೂ ಬೇಡ. ಮೊದಲು ಪಿಡಿಒ ಹತ್ರ ಕೇಳಿ. ಕೆಲವು ಸಲ ಹೆಸರು ಬದಲಾಗಿರುತ್ತೆ, ಕೆಲವು ಸಲ ಜಾಗ ಬದಲಾಗಿರುತ್ತೆ.

ಉತ್ತರ ಸರಿ ಬರದಿದ್ರೆ ಕಾನೂನಿನ ದಾರಿ ಮೂರು ಇವೆ:

- ಜಮಾಬಂದಿ: ವರ್ಷಕ್ಕೊಮ್ಮೆ ಪಂಚಾಯಿತಿ ಲೆಕ್ಕವನ್ನ ಜನರ ಮುಂದೆ ಓದಿ, ಕಾಮಗಾರಿ ಜಾಗಕ್ಕೆ ಹೋಗಿ ಪರಿಶೀಲಿಸೋ ಕಾರ್ಯಕ್ರಮ. ಯಾರು ಬೇಕಾದ್ರೂ ಬರಬಹುದು, ಪ್ರಶ್ನೆ ಕೇಳಬಹುದು.
- ಸಾಮಾಜಿಕ ಪರಿಶೋಧನೆ: ಉದ್ಯೋಗ ಖಾತರಿ ಕೆಲಸಗಳನ್ನ ಗ್ರಾಮ ಸಭೆಯಲ್ಲೇ ಓದಿ ಹೇಳ್ತಾರೆ. ಹಾಜರಾತಿಯಲ್ಲಿ ಕೆಲಸಕ್ಕೆ ಬಾರದವರ ಹೆಸರಿದ್ರೆ ಇಲ್ಲೇ ಹೇಳಬೇಕು.
- ಮಾಹಿತಿ ಹಕ್ಕು ಅರ್ಜಿ: ಶುಲ್ಕ ₹10. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ, ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. "ಎಲ್ಲಾ ಲೆಕ್ಕ ಕೊಡಿ" ಅಂತ ಕೇಳಬೇಡಿ. "ಇಂಥ ವರ್ಷದ, ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ, ಬಿಲ್ ಪ್ರತಿ ಕೊಡಿ" ಅಂತ ಕೇಳಿ.

ವ್ಯವಸ್ಥೆ ಸರಿ ಇದೆಯಾ?

ಪೂರ್ತಿ ಸರಿ ಇಲ್ಲ, ಅದನ್ನೂ ಹೇಳ್ಬೇಕು. ಜನ ಮಾಡಿದ ಪಟ್ಟಿ ಒಂದು ಕಡೆ, ಬಂದ ದುಡ್ಡಿನ ಕಟ್ಟುಗಳು ಇನ್ನೊಂದು ಕಡೆ. ಊರಿಗೆ ಬೇಕಾಗಿದ್ದು ದಾರಿ, ಬಂದಿದ್ದು ಚರಂಡಿ ದುಡ್ಡು ಅನ್ನೋ ಪರಿಸ್ಥಿತಿ ಇದ್ದೇ ಇದೆ. ಕಟ್ಟು ಹಾಕದಿದ್ರೆ ನೀರು, ನೈರ್ಮಲ್ಯ ಯಾರಿಗೂ ಬೇಡವಾಗುತ್ತೆ ಅನ್ನೋದು ಒಂದು ವಾದ. ಊರಿನ ಅಗತ್ಯ ಊರಿಗೇ ಗೊತ್ತು ಅನ್ನೋದು ಇನ್ನೊಂದು. ಪಕ್ಕದ ಕೇರಳ 1996ರಲ್ಲಿ ಜನಯೋಜನೆ ಶುರುಮಾಡಿದಾಗ ರಾಜ್ಯದ ಯೋಜನಾ ಹಣದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಕೊಡ್ತು. ದುಡ್ಡು ಇದೆ ಅಂತ ಗೊತ್ತಾದಾಗ ಜನ ಸಭೆಗೆ ಬಂದ್ರು. ನಮ್ಮಲ್ಲಿ ಜನ ಬರಲ್ಲ ಅಂತ ಅಧಿಕಾರಿಗಳು, ಬಂದ್ರೂ ಏನೂ ಆಗಲ್ಲ ಅಂತ ಜನ. ಈ ಗಂಟು ಯಾರಾದ್ರೂ ಒಂದು ತುದಿಯಿಂದ ಬಿಚ್ಚಲೇಬೇಕು.

ನಮ್ಮೂರಿನ ದಾರಿ ಕಥೆ ಏನಾಯ್ತು ಅಂತ ಕೇಳ್ತೀರಾ? ಮುಂದಿನ ವಾರ್ಡ್ ಸಭೆಗೆ ನಾವು 23 ಜನ ಹೋದ್ವಿ. ಅದರಲ್ಲಿ ಒಂಬತ್ತು ಜನ ಹೆಂಗಸರು. ಕ್ರೇಟು ಹೊತ್ತ ನೋವು ಅವರಿಗೇ ಚೆನ್ನಾಗಿ ಗೊತ್ತಿತ್ತು, ಅವರೇ ಮಾತಾಡಿದ್ರು. ದಾರಿ ಪಟ್ಟಿಯಲ್ಲಿ ಎರಡನೇ ಹೆಸರಾಯ್ತು. ಒಬ್ಬ ದೊಡ್ಡಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಕೆ ಎರಡು ತಿಂಗಳು ತಗೊಂಡ್ರು. ಉದ್ಯೋಗ ಖಾತರಿಯಲ್ಲಿ ಮಣ್ಣು, ಗ್ರಾವೆಲ್ ಕೆಲಸ ಆಯ್ತು. ಹಳ್ಳ ದಾಟೋ ಜಾಗದ ಮೋರಿ ಇನ್ನೂ ಆಗಿಲ್ಲ. ಜೋರು ಮಳೆ ಬಂದ ದಿನ ಅಲ್ಲಿ ಈಗಲೂ ಗಾಡಿ ನಿಲ್ಲುತ್ತೆ. ಆದ್ರೆ ಮುಂಚಿನ ಹಾಗೆ ಮುಕ್ಕಾಲು ಕಿಲೋಮೀಟರ್ ಹೊರೋದಿಲ್ಲ, ಇನ್ನೂರು ಅಡಿ ಹೊತ್ತರೆ ಸಾಕು. ಮೋರಿ ಬೇಡಿಕೆ ಈ ಸಲದ ಅರ್ಜಿಯಲ್ಲಿದೆ.

ನೀವು ಇವತ್ತೇ ಮಾಡಬಹುದಾದ ಕೆಲಸ ಒಂದೇ: ಇ–ಗ್ರಾಮಸ್ವರಾಜ್ ತೆರೆದು ನಿಮ್ಮ ಪಂಚಾಯಿತಿ ಹೆಸರು ಹಾಕಿ ನೋಡಿ. ನಿಮ್ಮ ವಾರ್ಡಿನ ಹೆಸರಲ್ಲಿ ಏನೇನಿದೆ ಅಂತ ಓದಿ, ಅದನ್ನ ಊರಿನ ಗುಂಪಿಗೆ ಹಾಕಿ. ಮುಂದಿನ ವಾರ್ಡ್ ಸಭೆ ಯಾವತ್ತು ಅಂತ ಪಿಡಿಒ ಅವರನ್ನ ಕೇಳಿ, ಆ ತಾರೀಕನ್ನೂ ಅದೇ ಗುಂಪಿಗೆ ಹಾಕಿ.

ಈ ಲೇಖನ ಉಪಯೋಗ ಅನ್ನಿಸಿದ್ರೆ ಅಕ್ಕಪಕ್ಕದ ಹೊಲದವರಿಗೆ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.